ಔಷಧ ಕಾರ್ಖಾನೆಯ ಕ್ಲೀನ್‌ರೂಮ್: ಸೋಂಕು ನಿವಾರಣೆಗೆ ಯಾವ ರಾಸಾಯನಿಕ ಸುರಕ್ಷಿತ? ಆಯ್ಕೆ ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಬಾಯಿಂದ ನುಂಗುವ ಮಾತ್ರೆಯಲ್ಲಿ ನಾಲ್ಕಾರು ಸೂಕ್ಷ್ಮಾಣುಗಳಿದ್ದರೂ ಹೊಟ್ಟೆಯ ಆಮ್ಲ ಅವುಗಳಲ್ಲಿ ಹೆಚ್ಚಿನವನ್ನು ನೋಡಿಕೊಳ್ಳುತ್ತದೆ. ಇಂಜೆಕ್ಷನ್, ಲಸಿಕೆ, ಸಲೈನ್, ಕಣ್ಣಿನ ಹನಿಗಳ ಕಥೆ ಬೇರೆ. ಇವು ದೇಹದ ರಕ್ಷಣಾ ಗೋಡೆಯನ್ನು ದಾಟಿ ನೇರವಾಗಿ ರಕ್ತಕ್ಕೆ, ಬೆನ್ನುಹುರಿಯ ದ್ರವಕ್ಕೆ, ಕಣ್ಣಿಗೆ ಸೇರುತ್ತವೆ. ಹಾಗಾಗಿ ಇವುಗಳನ್ನು ತಯಾರಿಸುವ ಕೊಠಡಿಯನ್ನು ಸೂಕ್ಷ್ಮಾಣು ಮುಕ್ತವಾಗಿಡುವುದು ಕಡ್ಡಾಯ.

ಸೂಕ್ಷ್ಮಾಣು ಕೊಲ್ಲುವ ರಾಸಾಯನಿಕ ಮನುಷ್ಯನ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ರೋಗಿಯನ್ನು ಕಾಪಾಡಲು ಬಳಸುವ ದ್ರವ ಕೊಠಡಿ ಒರೆಸುವ ಕೆಲಸಗಾರರ ಆರೋಗ್ಯ ಕೆಡಿಸಬಾರದು, ಯಂತ್ರಗಳಿಗೆ ತುಕ್ಕು ಹಿಡಿಸಬಾರದು, ಔಷಧದೊಳಗೂ ಸೇರಬಾರದು. ಮಾರುಕಟ್ಟೆಯಲ್ಲಿ ಸಿಗುವ ಅತ್ಯಂತ ಪ್ರಬಲ ರಾಸಾಯನಿಕವೇ ಅತ್ಯುತ್ತಮ ಎಂದು ತಿಳಿಯುವುದು ತಪ್ಪು. ಹಾಗಾದರೆ ಆಯ್ಕೆ ಹೇಗೆ? ಯಾವುದನ್ನು ಎಲ್ಲಿ ಬಳಸಬೇಕು? ಯಾವುದನ್ನು ಬಿಡಬೇಕು? ಇಲ್ಲಿದೆ ವಿವರ.

ಕ್ಲೀನ್‌ರೂಮ್ ಎಂದರೇನು?

ಗಾಳಿಯಲ್ಲಿರುವ ಧೂಳಿನ ಕಣ ಮತ್ತು ಸೂಕ್ಷ್ಮಾಣುಗಳ ಸಂಖ್ಯೆಯನ್ನು ನಿಗದಿತ ಮಿತಿಯೊಳಗೆ ಇಟ್ಟಿರುವ ಕೊಠಡಿಯೇ ಕ್ಲೀನ್‌ರೂಮ್. ಹೆಪಾ ಫಿಲ್ಟರ್ ಮೂಲಕ ಹಾದುಬಂದ ಗಾಳಿ, ಹೊರಗಿನ ಗಾಳಿ ಒಳನುಗ್ಗದಂತೆ ತಡೆಯುವ ಒತ್ತಡದ ವ್ಯತ್ಯಾಸ, ಸಂದುಗಳಿಲ್ಲದ ಗೋಡೆ ಮತ್ತು ನೆಲ, ತಲೆಯಿಂದ ಪಾದದವರೆಗೆ ಮುಚ್ಚುವ ಉಡುಪು ಇದರ ಮುಖ್ಯ ಅಂಗಗಳು.

ಔಷಧ ಉದ್ಯಮದಲ್ಲಿ ಇವುಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ಗ್ರೇಡ್‌ಗಳಾಗಿ ವಿಂಗಡಿಸಲಾಗಿದೆ. ಬಾಟಲಿಗೆ ಔಷಧ ತುಂಬುವ ಜಾಗ ಗ್ರೇಡ್ ಎ. ಅಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 0.5 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,520 ಮೀರುವಂತಿಲ್ಲ. ಸೂಕ್ಷ್ಮಾಣು ಪರೀಕ್ಷೆಯಲ್ಲಿ ಯಾವ ಬೆಳವಣಿಗೆಯೂ ಕಾಣಬಾರದು. ಅದರ ಸುತ್ತಲಿನ ಗ್ರೇಡ್ ಬಿ ಜಾಗದ ಗಾಳಿಯಲ್ಲಿ ಪ್ರತಿ ಘನ ಮೀಟರ್‌ಗೆ 10, ಸಿ ಗ್ರೇಡ್‌ನಲ್ಲಿ 100, ಡಿ ಗ್ರೇಡ್‌ನಲ್ಲಿ 200 ಸೂಕ್ಷ್ಮಾಣು ಕಾಲೊನಿಗಳು ಗರಿಷ್ಠ ಮಿತಿ.

ಇಷ್ಟೆಲ್ಲ ವ್ಯವಸ್ಥೆ ಇದ್ದರೂ ಸೂಕ್ಷ್ಮಾಣುಗಳು ಒಳಬರುತ್ತವೆ. ಬಹುಪಾಲು ಬರುವುದು ಮನುಷ್ಯರ ಚರ್ಮ ಮತ್ತು ಉಸಿರಿನಿಂದ. ಉಳಿದವು ನೀರು, ಸಾಮಗ್ರಿ, ರಟ್ಟಿನ ಪೆಟ್ಟಿಗೆ ಮತ್ತು ಟ್ರಾಲಿ ಚಕ್ರಗಳ ಮೂಲಕ ಬರುತ್ತವೆ. ಆದ್ದರಿಂದ ಫಿಲ್ಟರ್ ಮಾತ್ರ ಸಾಲದು, ಒರೆಸುವ ಕೆಲಸವೂ ಬೇಕು.

ಸ್ವಚ್ಛತೆ ತಪ್ಪಿದರೆ ಏನಾಗುತ್ತದೆ?

ಇದಕ್ಕೆ ಅಮೆರಿಕದ 2012ರ ದುರಂತವೇ ಉದಾಹರಣೆ. ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ತಯಾರಿಸಿದ ಸ್ಟಿರಾಯ್ಡ್ ಇಂಜೆಕ್ಷನ್‌ನಲ್ಲಿ ಬೂಸ್ಟು ಸೇರಿಕೊಂಡಿತ್ತು. ಬೆನ್ನುನೋವಿಗೆಂದು ಈ ಚುಚ್ಚುಮದ್ದು ಪಡೆದವರಲ್ಲಿ ಶಿಲೀಂಧ್ರದ ಮೆನಿಂಜೈಟಿಸ್ ಮತ್ತಿತರ ಸೋಂಕು ಕಾಣಿಸಿಕೊಂಡಿತು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಲೆಕ್ಕದಂತೆ 20 ರಾಜ್ಯಗಳಲ್ಲಿ 753 ಜನರಿಗೆ ಸೋಂಕು ತಗುಲಿ 64 ಮಂದಿ ಮೃತಪಟ್ಟರು.

ಬಳಿಕ ತಪಾಸಣೆ ನಡೆಸಿದ ಅಮೆರಿಕದ ಎಫ್‌ಡಿಎ, ಕ್ಲೀನ್‌ರೂಮ್‌ನಲ್ಲಿ ಬ್ಯಾಕ್ಟೀರಿಯಾ ಮತ್ತು ಬೂಸ್ಟು ಮಿತಿ ಮೀರಿರುವುದು ಸಂಸ್ಥೆಯ ಸ್ವಂತ ಪರೀಕ್ಷೆಗಳಲ್ಲೇ ಅದೇ ವರ್ಷ ಹಲವು ಬಾರಿ ದಾಖಲಾಗಿತ್ತು ಎಂಬುದನ್ನು ಪತ್ತೆ ಮಾಡಿತು. ಅದನ್ನು ಸರಿಪಡಿಸಿದ್ದಕ್ಕೆ ದಾಖಲೆ ಇರಲಿಲ್ಲ. ರಾಸಾಯನಿಕ ಯಾವುದೇ ಇರಲಿ, ಪರೀಕ್ಷೆಯ ಫಲಿತಾಂಶ ನೋಡಿ ಕ್ರಮ ಕೈಗೊಳ್ಳದಿದ್ದರೆ ಪ್ರಯೋಜನವಿಲ್ಲ ಎಂಬುದು ಈ ಪ್ರಕರಣ ಕಲಿಸಿದ ಪಾಠ.

ತೊಳೆಯುವುದು ಬೇರೆ, ಸೋಂಕು ನಿವಾರಣೆ ಬೇರೆ

ಆಯ್ಕೆಗೆ ಮೊದಲು ಮೂರು ಹಂತಗಳ ವ್ಯತ್ಯಾಸ ತಿಳಿದಿರಬೇಕು.

ಮೊದಲನೆಯದು ಸ್ವಚ್ಛಗೊಳಿಸುವಿಕೆ. ಡಿಟರ್ಜೆಂಟ್ ಬಳಸಿ ಧೂಳು, ಜಿಡ್ಡು, ಔಷಧದ ಉಳಿಕೆಯನ್ನು ತೆಗೆಯುವುದು. ಇದು ಸೂಕ್ಷ್ಮಾಣುಗಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಹೊರಹಾಕುತ್ತದೆ.

ಎರಡನೆಯದು ಸೋಂಕು ನಿವಾರಣೆ. ಸಾಮಾನ್ಯ ಬ್ಯಾಕ್ಟೀರಿಯಾ, ಹಲವು ವೈರಸ್ ಮತ್ತು ಶಿಲೀಂಧ್ರಗಳನ್ನು ಇದು ಕೊಲ್ಲುತ್ತದೆ.

ಮೂರನೆಯದು ಸ್ಪೋರ್ ನಾಶ. ಬ್ಯಾಸಿಲಸ್‌ನಂತಹ ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ದಪ್ಪ ಕವಚದೊಳಗೆ ನಿದ್ರೆಗೆ ಜಾರುತ್ತವೆ. ಈ ರೂಪವೇ ಸ್ಪೋರ್ ಅಥವಾ ಬೀಜಕ. ಮಣ್ಣು, ಧೂಳು ಮತ್ತು ರಟ್ಟಿನಲ್ಲಿ ಇವು ಸಾಮಾನ್ಯ. ಆಲ್ಕೋಹಾಲ್ ಸುರಿದರೂ ಇವು ಸಾಯುವುದಿಲ್ಲ. ಇವುಗಳಿಗೆ ಹೈಡ್ರೋಜನ್ ಪೆರಾಕ್ಸೈಡ್, ಪೆರಾಸೆಟಿಕ್ ಆಮ್ಲ, ಕ್ಲೋರಿನ್ ಸಂಯುಕ್ತಗಳಂತಹ ಆಕ್ಸಿಡೀಕರಣ ಮಾಡುವ ರಾಸಾಯನಿಕಗಳೇ ಬೇಕು.

ಮೊದಲ ಹಂತವನ್ನು ಬಿಟ್ಟು ನೇರವಾಗಿ ಮೂರನೆಯದಕ್ಕೆ ಹೋದರೆ ರಾಸಾಯನಿಕದ ಬಹುಭಾಗ ಕೊಳೆಯ ಜೊತೆಗೇ ವರ್ತಿಸಿ ಖರ್ಚಾಗುತ್ತದೆ. ಕೊಳೆಯ ಕೆಳಗಿನ ಸೂಕ್ಷ್ಮಾಣು ಹಾಗೇ ಉಳಿಯುತ್ತದೆ. ಹೀಗಾಗಿ ಮೊದಲು ತೊಳೆ, ಆಮೇಲೆ ಕೊಲ್ಲು ಎಂಬುದು ಮೂಲ ನಿಯಮ.

ಫಾರ್ಮಾಲಿನ್ ಹೊಗೆ: ಹಳೆಯ ಪದ್ಧತಿ ಏಕೆ ಬೇಡ?

ನಮ್ಮ ದೇಶದ ಕಾರ್ಖಾನೆಗಳಲ್ಲೂ ಆಸ್ಪತ್ರೆಗಳ ಆಪರೇಷನ್ ಥಿಯೇಟರ್‌ಗಳಲ್ಲೂ ದಶಕಗಳ ಕಾಲ ನಡೆದುಬಂದದ್ದು ಫಾರ್ಮಾಲಿನ್ ಫ್ಯೂಮಿಗೇಶನ್. ಫಾರ್ಮಾಲಿನ್ ಎಂದರೆ ನೀರಿನಲ್ಲಿ ಸುಮಾರು 37% ಫಾರ್ಮಾಲ್ಡಿಹೈಡ್ ಇರುವ ದ್ರಾವಣ. ಇದನ್ನು ಕಾಯಿಸಿ ಅಥವಾ ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಸೇರಿಸಿ ಕೊಠಡಿಯಲ್ಲಿ ಅನಿಲ ತುಂಬಿಸಿ ರಾತ್ರಿಯಿಡೀ ಮುಚ್ಚಿಡುವುದು ರೂಢಿ. ಇದು ಅಗ್ಗ, ಸ್ಪೋರ್‌ಗಳನ್ನೂ ಕೊಲ್ಲುತ್ತದೆ. ಆದರೆ ತೊಂದರೆಗಳು ಹಲವು.

* ಕ್ಯಾನ್ಸರ್: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ 2004ರಲ್ಲೇ ಫಾರ್ಮಾಲ್ಡಿಹೈಡ್ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ 1ನೇ ಗುಂಪಿಗೆ ಸೇರಿಸಿದೆ. ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್ ಜೊತೆಗೆ ರಕ್ತದ ಕ್ಯಾನ್ಸರ್‌ಗೂ ಇದು ಕಾರಣ ಎಂಬುದನ್ನು ಆ ಸಂಸ್ಥೆ ನಂತರ ಒಪ್ಪಿಕೊಂಡಿತು.

* ಮಿತಿ ತೀರಾ ಕಡಿಮೆ: ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಪ್ರಕಾರ 8 ಗಂಟೆಯ ಪಾಳಿಯಲ್ಲಿ ಸರಾಸರಿ 0.75 ಪಿಪಿಎಂ, 15 ನಿಮಿಷಕ್ಕೆ 2 ಪಿಪಿಎಂ ಮೀರುವಂತಿಲ್ಲ. ಪಿಪಿಎಂ ಎಂದರೆ ಗಾಳಿಯ 10 ಲಕ್ಷ ಭಾಗದಲ್ಲಿ ಒಂದು ಭಾಗ. ಫ್ಯೂಮಿಗೇಶನ್ ವೇಳೆ ಕೊಠಡಿಯಲ್ಲಿರುವುದು ಸಾವಿರಾರು ಪಿಪಿಎಂ.

* ಬೆಂಕಿಯ ಅಪಾಯ: ಪರ್ಮಾಂಗನೇಟ್ ಜೊತೆಗಿನ ಕ್ರಿಯೆ ತೀವ್ರ ಶಾಖ ಹೊರಹಾಕುತ್ತದೆ. ಪ್ರಮಾಣ ತಪ್ಪಿದರೆ ಉಕ್ಕಿ ಚಿಮ್ಮಬಹುದು, ಬೆಂಕಿಯೂ ಹೊತ್ತಿಕೊಳ್ಳಬಹುದು.

* ಉಳಿಕೆ: ಅನಿಲ ತಣ್ಣಗಿನ ಗೋಡೆಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಈ ಪುಡಿಯಿಂದ ಮುಂದೆಯೂ ನಿಧಾನವಾಗಿ ಅನಿಲ ಹೊರಬರುತ್ತಿರುತ್ತದೆ. ಅಮೋನಿಯಾ ಬಳಸಿ ಇದನ್ನು ತಟಸ್ಥಗೊಳಿಸಿದರೂ ಹೆಕ್ಸಮೀನ್ ಎಂಬ ಇನ್ನೊಂದು ಪುಡಿ ಉಳಿಯುತ್ತದೆ, ಅದನ್ನು ಒರೆಸಿ ತೆಗೆಯಲೇಬೇಕು.

ಇನ್ನೊಂದು ಕಡಿಮೆ ಗೊತ್ತಿರುವ ಅಪಾಯವೂ ಇದೆ. ಫಾರ್ಮಾಲ್ಡಿಹೈಡ್ ಅನಿಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿ ಸೇರಿದರೆ ಬಿಸ್ ಕ್ಲೋರೋಮೀಥೈಲ್ ಈಥರ್ ಎಂಬ ಪ್ರಬಲ ಕ್ಯಾನ್ಸರ್‌ಕಾರಕ ಉಂಟಾಗಬಹುದು. ಬ್ಲೀಚ್, ಆಮ್ಲಗಳನ್ನು ಇಟ್ಟ ಕೋಣೆಯ ಪಕ್ಕದಲ್ಲೇ ಫ್ಯೂಮಿಗೇಶನ್ ಮಾಡುವವರು ಇದನ್ನು ಗಮನಿಸಬೇಕು. ಪರ್ಯಾಯಗಳು ಕೈಗೆಟುಕುವಾಗ ಫಾರ್ಮಾಲಿನ್ ಅನ್ನು ವಾಡಿಕೆಯಾಗಿ ಮುಂದುವರಿಸಲು ಸಮರ್ಥನೆ ಇಲ್ಲ.

ಮೇಲ್ಮೈ ಒರೆಸುವ ರಾಸಾಯನಿಕಗಳು: ಯಾವುದರ ಗುಣ ಏನು?

ಆಲ್ಕೋಹಾಲ್: 70% ಐಸೊಪ್ರೊಪೈಲ್ ಆಲ್ಕೋಹಾಲ್ ಕ್ಲೀನ್‌ರೂಮ್‌ನ ನಿತ್ಯ ಸಂಗಾತಿ. ಕೈಗವಸು, ಉಪಕರಣ, ಒಳತರುವ ಸಾಮಗ್ರಿಗಳಿಗೆ ಸೂಕ್ತ, ಉಳಿಕೆ ಬಿಡುವುದಿಲ್ಲ. ಶೇ 100ರಷ್ಟು ಶುದ್ಧ ಆಲ್ಕೋಹಾಲ್‌ಗಿಂತ 70% ಹೆಚ್ಚು ಪರಿಣಾಮಕಾರಿ. ಏಕೆಂದರೆ ಸೂಕ್ಷ್ಮಾಣುವಿನ ಪ್ರೋಟೀನ್ ಕೆಡಿಸಲು ಸ್ವಲ್ಪ ನೀರೂ ಬೇಕು. ಕೊರತೆ ಎಂದರೆ ಸ್ಪೋರ್ ಸಾಯುವುದಿಲ್ಲ, ಬೇಗ ಆರುತ್ತದೆ, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ನೆಲ, ಗೋಡೆಗಳ ದೊಡ್ಡ ವಿಸ್ತೀರ್ಣಕ್ಕೆ ಇದನ್ನು ಬಳಸುವುದು ಬೆಂಕಿಯ ದೃಷ್ಟಿಯಿಂದ ಸರಿಯಲ್ಲ.

ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳು: ಉದ್ಯಮದಲ್ಲಿ ಇವನ್ನು ಕ್ವಾಟ್ ಎನ್ನುತ್ತಾರೆ. ಬೆಂಜಾಲ್ಕೋನಿಯಂ ಕ್ಲೋರೈಡ್ ಇದೇ ಗುಂಪಿನದು. ನೆಲ, ಗೋಡೆಗೆ ದಿನನಿತ್ಯ ಬಳಸಬಹುದು, ತುಕ್ಕು ಹಿಡಿಸುವುದು ಕಡಿಮೆ, ಕೊಳೆಯನ್ನೂ ಸಡಿಲಿಸುತ್ತದೆ. ಆದರೆ ಸ್ಪೋರ್ ಮೇಲೆ ಕೆಲಸ ಮಾಡದು, ಅಂಟು ಪದರ ಉಳಿಸುತ್ತದೆ. ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾದಂತಹ ಕೆಲವು ಬ್ಯಾಕ್ಟೀರಿಯಾಗಳು ಇಂತಹ ದ್ರಾವಣದೊಳಗೇ ಬದುಕುಳಿದ ಪ್ರಕರಣಗಳಿವೆ. ನೀರು ಬೆರೆಸಿದ ದ್ರಾವಣವನ್ನು ದಿನಗಟ್ಟಲೆ ಇಡಬಾರದು ಎನ್ನುವುದು ಇದೇ ಕಾರಣಕ್ಕೆ.

ಸೋಡಿಯಂ ಹೈಪೋಕ್ಲೋರೈಟ್: ಇದು ಬ್ಲೀಚ್. ಬೆಲೆ ಕಡಿಮೆ, ಸರಿಯಾದ ಸಾಂದ್ರತೆ ಮತ್ತು ಸಮಯ ಸಿಕ್ಕರೆ ಸ್ಪೋರ್‌ಗಳನ್ನೂ ಕೊಲ್ಲುತ್ತದೆ. ಆದರೆ ಸ್ಟೇನ್‌ಲೆಸ್ ಸ್ಟೀಲ್‌ನಲ್ಲೂ ಸಣ್ಣ ಸಣ್ಣ ಗುಳಿ ಬೀಳಿಸುತ್ತದೆ. ಆ ಗುಳಿಗಳೇ ಮುಂದೆ ಸೂಕ್ಷ್ಮಾಣುಗಳಿಗೆ ಅಡಗುತಾಣ. ಆದ್ದರಿಂದ ಸಮಯ ಮುಗಿದ ತಕ್ಷಣ ಶುದ್ಧ ನೀರಿನಿಂದ ಒರೆಸಬೇಕು. ಕೊಳೆ ಇದ್ದಲ್ಲಿ ಇದರ ಶಕ್ತಿ ಬೇಗ ಕುಗ್ಗುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಪೆರಾಸೆಟಿಕ್ ಆಮ್ಲ: ಒಂಟಿಯಾಗಿ ಅಥವಾ ಮಿಶ್ರಣವಾಗಿ ಸಿಗುವ ಇವು ಈಗ ಸ್ಪೋರ್ ನಾಶಕ್ಕೆ ಹೆಚ್ಚು ಬಳಕೆಯಲ್ಲಿವೆ. ಪೆರಾಕ್ಸೈಡ್ ಕೊನೆಗೆ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಪೆರಾಸೆಟಿಕ್ ಆಮ್ಲ ಒಡೆದಾಗ ಅಸಿಟಿಕ್ ಆಮ್ಲವೂ ಉಳಿಯುತ್ತದೆ. ಹಾನಿಕಾರಕ ಉಳಿಕೆ ಕಡಿಮೆ. ಆದರೆ ಪೆರಾಸೆಟಿಕ್ ಆಮ್ಲದ ಘಾಟು ಕಣ್ಣು, ಮೂಗು, ಗಂಟಲನ್ನು ಉರಿಸುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘಟನೆ ಎಸಿಜಿಐಎಚ್ ಇದಕ್ಕೆ 15 ನಿಮಿಷಕ್ಕೆ 0.4 ಪಿಪಿಎಂ ಮಿತಿ ಸೂಚಿಸಿದೆ. ಒರೆಸುವಾಗ ಗಾಳಿಯ ವ್ಯವಸ್ಥೆ ಚಾಲೂ ಇರಬೇಕು.

ಇಡೀ ಕೊಠಡಿಗೆ ಅನಿಲ ಅಥವಾ ಆವಿ

ಬಟ್ಟೆ, ಮಾಪ್ ತಲುಪದ ಸಂದುಗಳಿಗೆ, ದೊಡ್ಡ ದುರಸ್ತಿಯ ನಂತರ, ಬೂಸ್ಟು ಪದೇ ಪದೇ ಕಾಣಿಸಿದಾಗ ಇಡೀ ಕೊಠಡಿಗೆ ಆವಿ ಹಾಯಿಸುವುದು ಉಪಯುಕ್ತ. ಇದು ಒರೆಸುವ ಕೆಲಸಕ್ಕೆ ಬದಲಿ ಅಲ್ಲ, ಅದರ ಮೇಲಿನ ಹೆಚ್ಚುವರಿ ರಕ್ಷಣೆ.

ಹೈಡ್ರೋಜನ್ ಪೆರಾಕ್ಸೈಡ್ ಆವಿ: ವಿಎಚ್‌ಪಿ ಎಂದು ಪ್ರಸಿದ್ಧ. ಸಾಮಾನ್ಯವಾಗಿ 30ರಿಂದ 35% ದ್ರಾವಣವನ್ನು ಯಂತ್ರವೊಂದು ಆವಿಯಾಗಿಸಿ ಕೊಠಡಿಗೆ ಕಳುಹಿಸುತ್ತದೆ. ತೇವಾಂಶ ಹೊಂದಿಸುವುದು, ಆವಿಯ ಪ್ರಮಾಣ ಏರಿಸುವುದು, ನಿಗದಿತ ಸಮಯ ಅದೇ ಪ್ರಮಾಣ ಕಾಯ್ದುಕೊಳ್ಳುವುದು, ಕೊನೆಗೆ ಗಾಳಿಯಾಡಿಸುವುದು, ಹೀಗೆ ನಾಲ್ಕು ಹಂತ. ಒಂದು ಲೀಟರ್ ಗಾಳಿಯಲ್ಲಿ 1 ಮಿಲಿಗ್ರಾಂ ಆವಿ ಇದ್ದರೆ ಅದು ಸುಮಾರು 720 ಪಿಪಿಎಂಗೆ ಸಮ. ಮನುಷ್ಯ 8 ಗಂಟೆ ಇರಬಹುದಾದ ಓಶಾ ಮಿತಿ ಕೇವಲ 1 ಪಿಪಿಎಂ, 75 ಪಿಪಿಎಂ ತಕ್ಷಣದ ಜೀವಾಪಾಯದ ಮಟ್ಟ. ಎಂದರೆ ಆವಿ ಹಾಯಿಸುವಾಗ ಒಳಗೆ ಯಾರೂ ಇರುವಂತಿಲ್ಲ.

ರಟ್ಟು, ಬಟ್ಟೆ, ಕಾಗದಗಳು ಈ ಆವಿಯನ್ನು ಹೀರಿಕೊಂಡು ನಂತರ ನಿಧಾನವಾಗಿ ಬಿಡುತ್ತವೆ. ಆದ್ದರಿಂದ ಅವುಗಳನ್ನು ಮೊದಲೇ ಹೊರಹಾಕಬೇಕು. ಜೈವಿಕ ಔಷಧ ತಯಾರಕರಿಗೆ ಇನ್ನೊಂದು ಎಚ್ಚರಿಕೆ: ಉಳಿದ ಪೆರಾಕ್ಸೈಡ್ ಪ್ರೋಟೀನ್ ಔಷಧವನ್ನೇ ಆಕ್ಸಿಡೀಕರಿಸಿ ಕೆಡಿಸಬಲ್ಲದು.

ಕ್ಲೋರಿನ್ ಡೈಆಕ್ಸೈಡ್: ನಿಜವಾದ ಅನಿಲವಾದ್ದರಿಂದ ಮೂಲೆಮೂಲೆಗೂ ಸಮನಾಗಿ ಹರಡುತ್ತದೆ. 2001ರಲ್ಲಿ ಅಂಚೆ ಮೂಲಕ ಆಂಥ್ರಾಕ್ಸ್ ಸ್ಪೋರ್ ಕಳುಹಿಸಿದ ಪ್ರಕರಣದಲ್ಲಿ ವಾಷಿಂಗ್ಟನ್‌ನ ಹಾರ್ಟ್ ಸೆನೆಟ್ ಕಚೇರಿ ಕಟ್ಟಡವನ್ನು ಶುದ್ಧಗೊಳಿಸಲು ಬಳಸಿದ್ದು ಇದನ್ನೇ. ಆದರೆ ಇದರ ಓಶಾ ಮಿತಿ ಪೆರಾಕ್ಸೈಡ್‌ಗಿಂತ ಹತ್ತು ಪಟ್ಟು ಕಡಿಮೆ, 0.1 ಪಿಪಿಎಂ. ಸಾಂದ್ರತೆ ಹೆಚ್ಚಾದರೆ ಸ್ಫೋಟಿಸುವ ಗುಣವಿರುವುದರಿಂದ ಸಿಲಿಂಡರ್‌ನಲ್ಲಿ ತುಂಬಿ ಸಾಗಿಸಲಾಗದು, ಸ್ಥಳದಲ್ಲೇ ತಯಾರಿಸಬೇಕು. ಬೆಳಕಿಗೆ ಒಡೆಯುತ್ತದೆ, ಕೆಲವು ಲೋಹಗಳಿಗೆ ತುಕ್ಕು ತರುತ್ತದೆ.

ಆಯ್ಕೆಗೆ ಮುನ್ನ ಕೇಳಬೇಕಾದ 6 ಪ್ರಶ್ನೆಗಳು

1. ನಮ್ಮ ಕೊಠಡಿಯಲ್ಲಿ ಸಿಗುತ್ತಿರುವ ಸೂಕ್ಷ್ಮಾಣು ಯಾವುದು? ಚರ್ಮದ ಬ್ಯಾಕ್ಟೀರಿಯಾ ಆದರೆ ಆಲ್ಕೋಹಾಲ್, ಕ್ವಾಟ್ ಸಾಕಾಗಬಹುದು. ಸ್ಪೋರ್ ಅಥವಾ ಬೂಸ್ಟು ಹೆಚ್ಚಿದ್ದರೆ ಪೆರಾಕ್ಸೈಡ್ ಬೇಕು, ಜೊತೆಗೆ ಅದು ಎಲ್ಲಿಂದ ಬರುತ್ತಿದೆ ಎಂಬ ಹುಡುಕಾಟವೂ ಬೇಕು.

2. ಮೇಲ್ಮೈ ಯಾವುದು? ಸ್ಟೀಲ್, ಗಾಜು, ವಿನೈಲ್, ಎಪಾಕ್ಸಿ ನೆಲ, ಪಾಲಿಕಾರ್ಬೊನೇಟ್ ಪ್ರತಿಯೊಂದಕ್ಕೂ ರಾಸಾಯನಿಕ ಒಗ್ಗುವ ರೀತಿ ಬೇರೆ.

3. ಎಷ್ಟು ಹೊತ್ತು ಒದ್ದೆಯಾಗಿರಬೇಕು? ಲೇಬಲ್‌ನಲ್ಲಿ 5 ನಿಮಿಷ ಎಂದಿದ್ದು ಮೇಲ್ಮೈ 1 ನಿಮಿಷಕ್ಕೇ ಆರಿದರೆ ಕೆಲಸ ಆಗಿಲ್ಲ ಎಂದೇ ಅರ್ಥ.

4. ಉಳಿಕೆ ಏನು? ಅದನ್ನು ತೆಗೆಯುವುದು ಹೇಗೆ? ಔಷಧಕ್ಕೆ ಸೇರುವ ಸಾಧ್ಯತೆ ಎಷ್ಟು?

5. ಒರೆಸುವವರು ಏನನ್ನು ಉಸಿರಾಡುತ್ತಾರೆ? ಮಿತಿ ಎಷ್ಟು, ಅಳೆಯುವ ಸಾಧನ ಇದೆಯೇ, ಮಾಸ್ಕ್ ಯಾವುದು?

6. ಉಳಿದ ದ್ರಾವಣವನ್ನು ಎಲ್ಲಿ ಸುರಿಯುತ್ತೇವೆ? ತ್ಯಾಜ್ಯ ನೀರಿನ ಸಂಸ್ಕರಣಾ ಘಟಕ ಅದನ್ನು ತಡೆದುಕೊಳ್ಳುತ್ತದೆಯೇ?

ಮೊದಲ ಮೂರು ಪ್ರಶ್ನೆಗಳಿಗೆ ಒಂದೇ ಅಂಕ ಪಡೆಯುವ ಎರಡು ಉತ್ಪನ್ನಗಳಿದ್ದರೆ, ಉಳಿದ ಮೂರರಲ್ಲಿ ಯಾವುದು ಮುಂದಿದೆಯೋ ಅದನ್ನೇ ಆರಿಸಬೇಕು. ಬೆಲೆ ಅದರ ನಂತರದ ಮಾತು.

ಕೆಲಸ ಮಾಡಿದೆ ಎಂದು ತಿಳಿಯುವುದು ಹೇಗೆ?

ಒರೆಸುವ ರಾಸಾಯನಿಕಕ್ಕೆ ಕೂಪನ್ ಪರೀಕ್ಷೆ ಇದೆ. ಕೊಠಡಿಯಲ್ಲಿರುವ ಸ್ಟೀಲ್, ವಿನೈಲ್ ಮುಂತಾದವುಗಳ ಸಣ್ಣ ತುಂಡುಗಳ ಮೇಲೆ ಸೂಕ್ಷ್ಮಾಣು ಹಚ್ಚಿ, ರಾಸಾಯನಿಕ ಹಾಕಿ, ಎಷ್ಟು ಉಳಿದವು ಎಂದು ಎಣಿಸುತ್ತಾರೆ. ಪ್ರಯೋಗಾಲಯದ ತಳಿಗಳ ಜೊತೆಗೆ ಅದೇ ಕಾರ್ಖಾನೆಯಲ್ಲಿ ಸಿಕ್ಕ ತಳಿಗಳನ್ನೂ ಬಳಸಬೇಕು.

ವಿಎಚ್‌ಪಿಗೆ ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೋಫಿಲಸ್ ಎಂಬ ಗಟ್ಟಿ ಸ್ಪೋರ್‌ಗಳಿರುವ ಸ್ಟೀಲ್ ಬಿಲ್ಲೆಗಳನ್ನು ಕೊಠಡಿಯ ಮೂಲೆ, ಮೇಜಿನ ಅಡಿ, ಬಾಗಿಲ ಹಿಂಭಾಗದಂತಹ ಕಷ್ಟದ ಜಾಗಗಳಲ್ಲಿ ಇಡುತ್ತಾರೆ. ಸಾಮಾನ್ಯವಾಗಿ ಒಂದೊಂದರಲ್ಲಿ 10 ಲಕ್ಷ ಸ್ಪೋರ್‌ಗಳಿರುತ್ತವೆ. ನಂತರ ಅವುಗಳನ್ನು ಬೆಳೆಸುವ ದ್ರವದಲ್ಲಿಟ್ಟು ಯಾವುದೂ ಬೆಳೆಯದಿದ್ದರೆ ಆ ಕ್ರಮ ಪಾಸು.

ಕೆಲಸಗಾರರು ನೆನಪಿಡಬೇಕಾದ ಅಂಶಗಳು

* ಬ್ಲೀಚ್ ಜೊತೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೀನ್. ಎರಡೂ ವಿಷಕಾರಿ. ಒಂದು ರಾಸಾಯನಿಕದಿಂದ ಇನ್ನೊಂದಕ್ಕೆ ಬದಲಾಗುವಾಗ ನಡುವೆ ನೀರಿನಿಂದ ಒರೆಸಬೇಕು, ಬಕೆಟ್ ಮತ್ತು ಮಾಪ್ ಬೇರೆಯೇ ಇರಬೇಕು.

* ಸಾಂದ್ರ ಪೆರಾಕ್ಸೈಡ್ ಮತ್ತು ಪೆರಾಸೆಟಿಕ್ ಆಮ್ಲವನ್ನು ಆಲ್ಕೋಹಾಲ್, ಬಟ್ಟೆ, ರಟ್ಟುಗಳಿಂದ ದೂರ ಇಡಿ. ಇವು ಬೆಂಕಿಗೆ ಪುಷ್ಟಿ ಕೊಡುತ್ತವೆ. ಡಬ್ಬಿಯ ಗಾಳಿ ಬಿಡುವ ಮುಚ್ಚಳದ ಬದಲು ಬೇರೆ ಬಿಗಿ ಮುಚ್ಚಳ ಹಾಕಬೇಡಿ.

* ವಾಸನೆಯನ್ನು ನಂಬಬೇಡಿ. ಪೆರಾಕ್ಸೈಡ್ ಆವಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಫಾರ್ಮಾಲ್ಡಿಹೈಡ್ ಘಾಟಿಗೆ ಮೂಗು ಸ್ವಲ್ಪ ಹೊತ್ತಿನಲ್ಲೇ ಒಗ್ಗಿಹೋಗುತ್ತದೆ. ಮೀಟರ್ ತೋರಿಸಿದ ಮೇಲೆಯೇ ಒಳಗೆ ಹೋಗಿ.

* ಸಾಮಾನ್ಯ ಬಟ್ಟೆ ಅಥವಾ ಸರ್ಜಿಕಲ್ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಆಯಾ ಅನಿಲಕ್ಕೆ ತಕ್ಕ ಕಾರ್ಟ್ರಿಡ್ಜ್ ಇರುವ ಉಸಿರಾಟದ ಮಾಸ್ಕ್ ಬೇಕು.

* ಪ್ರತಿ ರಾಸಾಯನಿಕದ ಜೊತೆ 16 ಭಾಗಗಳ ಸುರಕ್ಷತಾ ಮಾಹಿತಿ ಪತ್ರ ಬರುತ್ತದೆ. 7ನೇ ಭಾಗದಲ್ಲಿ ಸಂಗ್ರಹಣೆ, 8ರಲ್ಲಿ ಉಸಿರಾಟದ ಮಿತಿ ಮತ್ತು ರಕ್ಷಣಾ ಸಾಧನ, 10ರಲ್ಲಿ ಯಾವುದರ ಜೊತೆ ಸೇರಿಸಬಾರದು ಎಂಬ ವಿವರ ಇರುತ್ತದೆ. ಒರೆಸುವ ಸಿಬ್ಬಂದಿಗೆ ಇದನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು.

ನಿಯಮಗಳು ಏನು ಹೇಳುತ್ತವೆ?

ಐರೋಪ್ಯ ಒಕ್ಕೂಟದ ಜಿಎಂಪಿ ನಿಯಮಗಳ ಅನೆಕ್ಸ್ 1 ಅನ್ನು 2022ರ ಆಗಸ್ಟ್‌ನಲ್ಲಿ ಪರಿಷ್ಕರಿಸಲಾಗಿದ್ದು, 2023ರ ಆಗಸ್ಟ್ 25ರಿಂದ ಜಾರಿಯಲ್ಲಿದೆ. ಸೋಂಕು ನಿವಾರಣೆಗೆ ಮೊದಲು ಸ್ವಚ್ಛಗೊಳಿಸಬೇಕು, ಒಂದಕ್ಕಿಂತ ಹೆಚ್ಚು ಬಗೆಯ ರಾಸಾಯನಿಕ ಬಳಸಬೇಕು, ನಿಯತಕಾಲಿಕವಾಗಿ ಸ್ಪೋರ್ ನಾಶಕ ಇರಲೇಬೇಕು, ಎ ಮತ್ತು ಬಿ ಗ್ರೇಡ್‌ನಲ್ಲಿ ಬಳಸುವ ದ್ರಾವಣ ಸ್ಟೆರೈಲ್ ಆಗಿರಬೇಕು, ಬಳಸುವ ವಿಧಾನ ಮತ್ತು ಮೇಲ್ಮೈಗೆ ತಕ್ಕಂತೆ ಪರಿಣಾಮವನ್ನು ಸಾಬೀತುಪಡಿಸಬೇಕು ಎಂದು ಅದು ಹೇಳುತ್ತದೆ. ಯುರೋಪಿಗೆ ಸ್ಟೆರೈಲ್ ಔಷಧ ರಫ್ತು ಮಾಡುವ ಹೈದರಾಬಾದ್, ಬೆಂಗಳೂರು, ಪುಣೆ, ಮುಂಬೈ ಭಾಗದ ಘಟಕಗಳಿಗೂ ಇದು ಅನ್ವಯ.

ಭಾರತದಲ್ಲಿ ಪರಿಷ್ಕೃತ ಶೆಡ್ಯೂಲ್ ಎಂ ನಿಯಮಗಳನ್ನು 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಯಿತು. ₹250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳಿಗೆ 6 ತಿಂಗಳು, ಉಳಿದವುಗಳಿಗೆ 12 ತಿಂಗಳು ಕಾಲಾವಕಾಶ ನೀಡಲಾಗಿತ್ತು. ಸಣ್ಣ ಮತ್ತು ಮಧ್ಯಮ ಘಟಕಗಳಿಗೆ ಷರತ್ತಿನ ಮೇಲೆ 2025ರ ಡಿಸೆಂಬರ್ 31ರವರೆಗೆ ಗಡುವು ವಿಸ್ತರಿಸಲಾಯಿತು.

ಸಾಮಾನ್ಯ ಪ್ರಶ್ನೆಗಳು

ಪ್ರತಿ ವಾರ ರಾಸಾಯನಿಕ ಬದಲಿಸದಿದ್ದರೆ ಸೂಕ್ಷ್ಮಾಣುಗಳಿಗೆ ಪ್ರತಿರೋಧ ಬರುತ್ತದೆಯೇ?
ಆ್ಯಂಟಿಬಯಾಟಿಕ್ ಒಂದು ನಿರ್ದಿಷ್ಟ ಗುರಿಗೆ ಹೊಡೆಯುತ್ತದೆ, ಸೋಂಕು ನಿವಾರಕ ಏಕಕಾಲಕ್ಕೆ ಹಲವೆಡೆ ಹೊಡೆಯುತ್ತದೆ. ಹೀಗಾಗಿ ಅದೇ ರೀತಿಯ ಪ್ರತಿರೋಧದ ಭಯ ಇಲ್ಲಿ ಕಡಿಮೆ. ಎರಡು ರಾಸಾಯನಿಕ ಬಳಸುವ ಮುಖ್ಯ ಕಾರಣ, ಮೊದಲನೆಯದಕ್ಕೆ ಸಾಯದೆ ಉಳಿಯುವ ಸ್ಪೋರ್‌ಗಳನ್ನು ಎರಡನೆಯದು ಕೊಲ್ಲಲಿ ಎಂಬುದು.

ಸ್ಪೋರ್ ನಾಶಕವನ್ನೇ ಪ್ರತಿದಿನ ಬಳಸಬಹುದಲ್ಲ?
ಬಳಸಬಹುದು, ಆದರೆ ಮೇಲ್ಮೈ ಬೇಗ ಹಾಳಾಗುತ್ತದೆ, ಸಿಬ್ಬಂದಿಗೆ ಘಾಟು ಹೆಚ್ಚು ತಗಲುತ್ತದೆ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಗಾಳಿ ಮತ್ತು ಮೇಲ್ಮೈ ಪರೀಕ್ಷೆಯ ಫಲಿತಾಂಶ ನೋಡಿ ನಿರ್ಧರಿಸಬೇಕು.

ಸಣ್ಣ ಘಟಕಕ್ಕೆ ವಿಎಚ್‌ಪಿ ಯಂತ್ರ ದುಬಾರಿ. ಫಾರ್ಮಾಲಿನ್ ಬಿಟ್ಟರೆ ದಾರಿ ಏನು?
ಡಿಟರ್ಜೆಂಟ್‌ನಿಂದ ತೊಳೆದು, ದಿನನಿತ್ಯ ಕ್ವಾಟ್ ಅಥವಾ ಅಂತಹುದೇ ದ್ರಾವಣ, ನಿಯತಕಾಲಿಕವಾಗಿ ಪೆರಾಕ್ಸೈಡ್ ಆಧಾರಿತ ಸ್ಪೋರ್ ನಾಶಕದಿಂದ ಕೈಯಾರೆ ಒರೆಸುವುದು ಒಪ್ಪಿತ ಕ್ರಮ. ಮೇಲಿನಿಂದ ಕೆಳಕ್ಕೆ, ಹೆಚ್ಚು ಸ್ವಚ್ಛ ಜಾಗದಿಂದ ಕಡಿಮೆ ಸ್ವಚ್ಛ ಜಾಗಕ್ಕೆ, ಒಂದೇ ದಿಕ್ಕಿನಲ್ಲಿ, ಒಂದರ ಮೇಲೊಂದು ಬರುವಂತೆ ಒರೆಸಿದರೆ ಮತ್ತು ಒದ್ದೆ ಸಮಯ ಪಾಲಿಸಿದರೆ ಹೊಗೆಯ ಅವಲಂಬನೆ ತಪ್ಪಿಸಬಹುದು.